ದೊಡ್ಡವು ಮೊದಲು ಬರುವ ಊರು

ಕಲಬುರಗಿಯವಳಾದ ನನಗೆ ಬೆಂಗಳೂರಿನಲ್ಲಿ ಮೊದಲು ತಲೆಕೆಳಗಾಗಿ ಕಂಡದ್ದು ಜರಡಿ. ನಮ್ಮ ಕಡೆ ತೊಗರಿ ಜರಡಿ ಹಿಡಿದರೆ ಸಣ್ಣದು ಮೊದಲು ಬೀಳುತ್ತದೆ. ಹೆಸರಘಟ್ಟದ ದಾರಿಯಲ್ಲಿರುವ ಈ ಪ್ರಯೋಗಾಲಯದಲ್ಲಿ ದೊಡ್ಡದೇ ಮೊದಲು! ಬೇಳೆಕಾಳಿನ ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವುದು ನನ್ನ ಕೆಲಸ. ಇದಕ್ಕೆ ಕ್ರೊಮ್ಯಾಟೊಗ್ರಫಿ ಎನ್ನುತ್ತಾರೆ. ಕಾಲಂ ಎಂಬ ಗಾಜಿನ ಕೊಳವೆಯ ತುಂಬ ತೂತುತೂತಾದ ನುಣ್ಣನೆಯ ಮಣಿಗಳು. ಮೇಲಿನಿಂದ ಕಾಳಿನ ದ್ರಾವಣ ಬಿಟ್ಟರೆ, ದೊಡ್ಡ ಪ್ರೋಟೀನು ಯಾವ ತೂತಿನಲ್ಲೂ ಹಿಡಿಸದೆ ಸಂದಿಯಲ್ಲೇ ಜಾರಿ ಬಂದುಬಿಡುತ್ತದೆ. ಸಣ್ಣದು ಕಂಡ ಕಂಡ ತೂತಿಗೆಲ್ಲ ಹೊಕ್ಕು ತಡವಾಗಿ ಬರುತ್ತದೆ.

ಇದನ್ನೆಲ್ಲ ಓದಿಕೊಂಡೇ ಬಂದಿದ್ದೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗದಂತೆ! ಕೆಳಗೆ ಹಿಡಿದ ಪುಟ್ಟ ಸೀಸೆಗಳಿಗೆ ಚೀಟಿ ಅಂಟಿಸುವಾಗ, ಮೊದಲು ಬಂದದ್ದಕ್ಕೆ ‘ಸಣ್ಣದು’ ಎಂದು ಬರೆದೆ.

“ಏನ್ರೀ, ಎಲ್ಲಾ ಉಲ್ಟಾ ಬರ್ದಿದೀರಲ್ಲ?” ಎಂದರು ನಮ್ಮ ಮೇಡಂ.

“ಜರಡ್ಯಾಗ ಸಣ್ಣದ ಮೊದಲ ಬೀಳ್ತದಲ್ರೀ,” ಎಂದೆ.

ಪಕ್ಕದ ಮೇಜಿನವರು ನನ್ನ ಮಾತಿನ ಧಾಟಿಗೇ ನಕ್ಕರು. ಮೇಡಂ ನಗಲಿಲ್ಲ. “ಸಂಕ್ರಾಂತಿ ಒಳಗೆ ಒಂದಾದ್ರೂ ಸರಿಯಾಗಿ ಮಾಡಿ ತೋರ್ಸಿ. ಇಲ್ದಿದ್ರೆ ನಿಮ್ಮನ್ನ ಇಟ್ಕೊಳ್ಳೋದು ಕಷ್ಟ.”

ಅಲ್ಲಾಳಸಂದ್ರದ ಬಾಡಿಗೆ ಕೋಣೆಗೆ ಬಂದವಳಿಗೆ ರೊಟ್ಟಿ ಬಡಿಯಲೂ ಮನಸ್ಸಾಗಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಮನೆಯೊಡತಿ ಜಯಮ್ಮ ಬಾಗಿಲಲ್ಲಿ ಇಣುಕಿದರು.

“ಇಂಗ್ಯಾಕಮ್ಮ ಕುಂತಿದ್ದೀಯ? ಬಾ, ನನ್ ಜೊತೆ ಅವರೆಕಾಳು ಇದುಕು.”

ನೆನೆದ ಅವರೆಕಾಳನ್ನು ಹಿಚುಕಿ ಸಿಪ್ಪೆ ಬಿಡಿಸುವುದು ಇಲ್ಲಿಯ ಚಳಿಗಾಲದ ಕಾಯಕ. ಆ ಬೇಳೆಗೆ ಹಿತಕಿದಬೇಳೆ ಎನ್ನುತ್ತಾರೆ. ನಾನು ಹಿಚುಕಿದ್ದು ಪುಟಿದು ಜಯಮ್ಮನ ಮೂಗಿಗೇ ಬಡಿಯಿತು. ಇಬ್ಬರೂ ನಕ್ಕೆವು. ಊರು ಬಿಟ್ಟ ಮೇಲೆ ಹಾಗೆ ನಕ್ಕಿರಲಿಲ್ಲ.

ಮರುವಾರ ಪ್ರಯೋಗಾಲಯದಲ್ಲೂ ಅವರೆಯದೇ ಸರದಿ. ಪ್ರೋಟೀನು ಹೊರಬಂದಂತೆ ಕಂಪ್ಯೂಟರ್ ಪರದೆಯ ಮೇಲೆ ಗೆರೆ ಏರುತ್ತದೆ. ದೊಡ್ಡ ಪ್ರೋಟೀನಿನ ಗೆರೆ ಗುಡ್ಡದಂತೆ ಎದ್ದು ಇಳಿಯಿತು. ಆಮೇಲೆ ಬರೀ ಮಟ್ಟಸ.

“ಮುಗೀತಲ್ಲ, ನಿಲ್ಸಿ ಊಟಕ್ಕೆ ಬನ್ನಿ,” ಎಂದರು ಪಕ್ಕದ ಮೇಜಿನವರು.

ಸಣ್ಣವು ಇನ್ನೂ ತೂತುಗಳಲ್ಲಿ ಅಲೆಯುತ್ತಿರಬೇಕು ಎಂದು ಹಸಿದುಕೊಂಡೇ ಕೂತೆ. ಕೊನೆಗೂ ಪುಟ್ಟದೊಂದು ಏರು ಕಾಣಿಸಿತು. ಈ ಸಲ ಚೀಟಿಗಳು ಸರಿಯಾಗಿದ್ದವು. ಮೇಡಂ ಎಲ್ಲವನ್ನೂ ನೋಡಿ, “ಹಬ್ಬ ಮುಗಿಸ್ಕೊಂಡು ಬನ್ನಿ. ಮುಂದೆ ತೊಗರಿ ಮಾಡೋಣ,” ಎಂದರು. ಕೆಲಸ ಉಳಿಯಿತು.

ಸಂಕ್ರಾಂತಿಗೆ ಊರಿಗೆ ಹೋದೆ. ಅಂಗಳದಲ್ಲಿ ಅಕ್ಕ ಹೊಸ ತೊಗರಿ ಜರಡಿ ಹಿಡಿಯುತ್ತಿದ್ದಳು.

“ನೋಡು, ಸಣ್ಣವೆಲ್ಲ ಆಗ್ಲೇ ಬಿದ್ದಾವ,” ಎಂದಳು.

“ನಮ್ಮಲ್ಲಿ ದೊಡ್ಡವು ಮೊದಲ ಬರ್ತಾವ,” ಎಂದೆ.

ಅಕ್ಕನ ಕೈಯಲ್ಲಿ ಜರಡಿ ನಿಂತಿತು.

“ನಮ್ಮಲ್ಲಿ ಅಂದ್ರ, ಎಲ್ಲಿ?”