ಅವ್ವನ ಎದೆಯಲ್ಲಿ ನಾಟಿ

ಅವ್ವನ ಎದೆಯೊಳಗೆ ನಾಟಿ ಹಾಕಿದ್ದಾರೆ ಎಂದು ನಮ್ಮ ಬೀದಿಯವರೆಲ್ಲ ಹೋದ ತಿಂಗಳವರೆಗೂ ನಂಬಿದ್ದರು. ನಂಬಿಸಿದವಳು ಅವ್ವನೇ.

ಪಾಂಡವಪುರದ ಕಡೆಯ ನಮ್ಮೂರಲ್ಲಿ ಅವಳು ಹೆಂಗಸರ ಗುಂಪು ಕಟ್ಟಿಕೊಂಡು ಭತ್ತದ ನಾಟಿಗೆ ಇಳಿಯುತ್ತಿದ್ದವಳು. ನಾಲೆಗೆ ನೀರು ಬಿಟ್ಟರೆ ಸಾಕು, ಮನೆಯಲ್ಲಿ ಅವಳನ್ನು ಹಿಡಿಯಲು ಆಗುತ್ತಿರಲಿಲ್ಲ. ಅಂಥವಳು ಒಂದು ದಿನ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತಳು. ಗ್ಯಾಸ್ಟ್ರಿಕ್ಕು ಅಂದುಕೊಂಡು ಸೋಡಾ ಕುಡಿಸಿದರು. ಮೈಸೂರಿನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹೃದಯದ ಒಂದು ಪಾಲು ಸತ್ತುಹೋಗಿತ್ತು. ಜೀವ ಉಳಿಯಿತು, ಆದರೆ ಕೊಟ್ಟಿಗೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಏದುಸಿರು. ನಾನು ಕೆ.ಆರ್.ಪೇಟೆಯಲ್ಲಿ ಬ್ಲೌಸು ಹೊಲಿಯುತ್ತಿದ್ದವಳು, ಮಿಷನ್ನನ್ನು ಆಟೋಗೆ ಹಾಕಿಕೊಂಡು ತವರಿಗೆ ಬಂದುಬಿಟ್ಟೆ.

ಕೆಲವು ತಿಂಗಳ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಸತ್ತ ಮಾಂಸ ತಾನಾಗಿ ಬೆಳೆಯೋದಿಲ್ಲಮ್ಮ. ನಿಮ್ಮ ಸೊಂಟದ ಮೂಳೆಯಿಂದ ಸ್ಟೆಮ್ ಸೆಲ್ ಅನ್ನೋ ಎಳೆಯ ಜೀವಕೋಶ ತೆಗೆದು ಹೃದಯಕ್ಕೆ ಬಿಡ್ತೀವಿ. ಗುಣ ಆಗುತ್ತೋ ಇಲ್ವೋ, ಇನ್ನೂ ಪರೀಕ್ಷೆ ಮಾಡ್ತಾ ಇದ್ದೀವಿ. ಅದಕ್ಕೇ ಮೂಳೆಯಿಂದ ಎಲ್ಲರಿಗೂ ತೆಗೆದರೂ, ಹೃದಯಕ್ಕೆ ಬಿಡೋದು ಅರ್ಧ ಜನಕ್ಕೆ ಜೀವಕೋಶ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ಪರೀಕ್ಷೆ ಮುಗಿಯೋವರೆಗೂ ನಮಗೂ ಗೊತ್ತಿರಲ್ಲ."

ನನ್ನ ಕಿವಿಯಲ್ಲಿ ಉಪ್ಪುನೀರು ಉಳಿಯಿತು, ಅವ್ವನ ಕಿವಿಯಲ್ಲಿ ಸೊಂಟದ ಮೂಳೆ.

"ಅಂಗಾರೆ ಒಟ್ಲು ನನ್ ಸೊಂಟದಲ್ಲೇ ಅದೆ ಅನ್ನಿ," ಅಂದಳು. ಒಟ್ಲು ಅಂದರೆ ಭತ್ತದ ಸಸಿಮಡಿ, ಅಲ್ಲಿಂದ ಪೈರು ಕಿತ್ತು ಗದ್ದೆಗೆ ನೆಡುತ್ತಾರೆ ಎಂದು ನಾನೇ ಬಿಡಿಸಿ ಹೇಳಿದೆ. ಡಾಕ್ಟರು ನಕ್ಕು, ಹೆಚ್ಚುಕಮ್ಮಿ ಹಾಗೇ ಅಂದರು. ಅವರು ಹಾಗೆ ಅಂದದ್ದೇ ತಪ್ಪಾಯಿತು.

ಸೊಂಟದಿಂದ ತೆಗೆದರು, ಮುಂಗೈಯಿಂದ ಸಣ್ಣ ನಳಿಕೆ ತೂರಿಸಿ ಹೃದಯಕ್ಕೆ ಏನೋ ಬಿಟ್ಟರು. ಬೆಳಿಗ್ಗೆ ಸಂಜೆ ನಡೆಯಿರಿ ಎಂದು ಮನೆಗೆ ಕಳಿಸಿದರು. ಅವ್ವ ಮಂಚ ಹತ್ತಿದವಳು ಇಳಿಯಲೇ ಇಲ್ಲ.

"ಹೊಸ ನಾಟಿ ಕಣವ್ವ. ಅಲ್ಲಾಡುದ್ರೆ ಪೈರು ತೇಲ್ಕೊಂಡೋಯ್ತದೆ."

ಆಗತಾನೆ ನೆಟ್ಟ ಗದ್ದೆಗೆ ಯಾರೂ ಕಾಲಿಡುವುದಿಲ್ಲ, ನಾಯಿ ಹಾಯ್ದರೂ ಕಲ್ಲು ಬೀಳುತ್ತದೆ. ಆ ಕಟ್ಟುಪಾಡನ್ನು ಅವಳು ತನ್ನ ಮೈಗೇ ಹಾಕಿಕೊಂಡಳು. ಸೀನು ಬಂದರೆ ಎರಡೂ ಕೈಯಲ್ಲಿ ಎದೆ ಅವುಚಿಕೊಳ್ಳುವಳು. ನಗಿಸುವ ಪಕ್ಕದ ಮನೆಯವಳನ್ನು ಬಾಗಿಲಲ್ಲೇ ತಡೆಯಬೇಕಾಯಿತು. "ಎದ್ದು ನಾಕೆಜ್ಜೆ ಹಾಕೇ," ಎಂದು ಅಪ್ಪ ಗೊಣಗಿದರೆ, "ನೀನೇನ್ ನಾಟಿ ಹಾಕಿದ್ದೀಯಾ?" ಅನ್ನುವಳು. ಅಪ್ಪ ಹಾಲು ಹಾಕಲು ಡೈರಿಗೆ ಹೋಗುತ್ತಿದ್ದ.

ಮಧ್ಯಾಹ್ನಗಳಲ್ಲಿ ನಾನು ಮಿಷನ್ನು ತುಳಿಯುತ್ತಿದ್ದರೆ ಅವಳು ಕಣ್ಣು ಮುಚ್ಚಿಯೇ ಹೇಳುವಳು: ಈಗ ಹಳದಿ ತಿರುಗ್ಯದೆ, ನೆಟ್ಟ ಪೈರು ಮೊದಲು ಹಂಗೇ. ಮತ್ತೊಂದು ದಿನ, ಸುಳಿ ಹಸುರಾಯ್ತು. ಹೊಲಿಗೆಯ ಮೇಲೆ ತೂಕಡಿಸುತ್ತಾ ನನಗೂ ಕಾಣತೊಡಗಿತು. ಅವ್ವನ ಎದೆಯೊಳಗೆ ತಿಳಿನೀರು, ಆ ನೀರಲ್ಲಿ ಆಕಾಶ, ಮೋಡಗಳ ನಡುವೆ ಸಾಲು ಸಾಲು ಪೈರು. ನಾನು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದೇನೆ. ಗಾಳಿ ಬಂದರೆ ಎಲ್ಲವೂ ಒಂದೇ ಕಡೆ ಬಾಗುತ್ತದೆ, ಆಮೇಲೆ ಮೆಲ್ಲಗೆ ಏಳುತ್ತದೆ. ಎಚ್ಚರಾದರೆ ಅದು ಅವ್ವನ ಉಸಿರು. ಆ ಮಧ್ಯಾಹ್ನಗಳಷ್ಟು ಸುಖವನ್ನು ನಾನು ಆಮೇಲೆ ಕಂಡಿಲ್ಲ.

ಸುಖ ನನಗೆ. ಅವಳ ಕಾಲು ಕಡ್ಡಿಯಾಗುತ್ತಾ ಬಂತು. ಹೀಗೇ ಮಲಗಿದ್ದರೆ ಉಳಿದ ಹೃದಯವೂ ಕೈಕೊಡುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಗದರಿದರು. ನನ್ನ ಕೋಪ ಮೊದಲೇ ಮೂಗಿನ ತುದಿಯಲ್ಲಿರುತ್ತದೆ.

"ಬೇರು ಹಿಡಿದ ಮೇಲೂ ಗದ್ದೆಗಿಳೀದೆ ಮನೀಕೊಂಡಿದ್ರೆ ಕಳೆ ಯಾರವ್ವ ಕೀಳೋರು? ಕೆಸರು ತುಳೀದೆ ಯಾವ ಪೈರು ತೆಂಡೆ ಒಡೆದದೆ?"

ಬುಡದಿಂದ ಹೊಸ ಕವಲು ಬರುವುದೇ ತೆಂಡೆ. ಅವಳು ಕಣ್ಣು ಬಿಟ್ಟಳು. ಆಮೇಲೆ, "ಕೈ ಕೊಡು," ಅಂದಳು.

ಅವತ್ತು ಹಟ್ಟಿಬಾಗಿಲವರೆಗೆ, ಬರಬರುತ್ತಾ ನಾಲೆ ಏರಿಯವರೆಗೆ ನಡೆದಳು. ಪೈರು ಹೆಂಗದೆ ಎಂದು ಎದುರಿಗೆ ಸಿಕ್ಕವರು ಕೇಳುವರು. ತೆಂಡೆ ಒಡೀತಾ ಅದೆ ಅನ್ನುವಳು.

ಹೋದ ತಿಂಗಳು ಪರೀಕ್ಷೆ ಮುಗಿಯಿತು. ಹೃದಯ ಮೊದಲಿಗಿಂತ ಕೊಂಚ ಗಟ್ಟಿಯಾಗಿದೆ ಎಂದ ಡಾಕ್ಟರು, ಮರೆಮಾಚದೆ ಮುಂದಿನದನ್ನೂ ಹೇಳಿದರು. ಅವ್ವನ ಪಾಲಿಗೆ ಬಂದಿದ್ದು ಉಪ್ಪುನೀರು.

"ಪೈರು ಸಿಕ್ದೋರು ಎಂಗವ್ರೆ?" ಎಂದು ಅವ್ವ ಕೇಳಿದಳು.

"ಆ ಲೆಕ್ಕ ಇನ್ನೂ ನೋಡ್ತಾ ಇದ್ದೀವಮ್ಮ."

"ಅವರ್ಗಾದ್ರೂ ಬೇರು ಹತ್ಲಿ."

ಬಸ್ಸು ಶ್ರೀರಂಗಪಟ್ಟಣ ದಾಟಿತು, ಊರೂ ಬಂತು. ಅವಳು ಸೀದಾ ಹೋಗಿ ಮಂಚದ ಮೇಲೆ ಉರುಳಿಕೊಂಡಳು. ಮತ್ತೆ ಮಂಚ ಹಿಡಿಯುತ್ತಾಳೆ, ಈ ಸಲ ಎಬ್ಬಿಸಲು ನನ್ನ ಬಳಿ ಯಾವ ಮಾತೂ ಇಲ್ಲ ಎಂದು ಹೆದರಿ ಸತ್ತೆ.

ಬೆಳಿಗ್ಗೆ ನೋಡಿದರೆ ಮಂಚ ಖಾಲಿ. ಓಡಿಹೋದೆ. ಏರಿಯ ಮೇಲೆ ಒಬ್ಬಳೇ, ನಿಂತು ನಿಂತು ನಡೆಯುತ್ತಿದ್ದಳು.

"ನನ್ನ ಕರೀಬಾರ್ದಿತ್ತಾ ಅವ್ವ?"

"ಅಲ್ಲೇನೂ ನೆಟ್ಟಿಲ್ಲ ಅಂತ ಗೊತ್ತಾಯ್ತಲ್ಲವ್ವ," ಅಂದಳು, ಉಸಿರು ಎಳೆದುಕೊಳ್ಳುತ್ತಾ. "ಇನ್ನು ಉಳ್ದಿರೋದ್ನೇ ನೋಡ್ಕೊಬೇಕು."