ಆರ್ಡಿಸ್ ಮತ್ತು ನಡುಗುವ ಕೋಣೆ

ಆರ್ಡಿಸ್ ಟ್ವೀಟನ್ ಇಪ್ಪತ್ತೊಂಬತ್ತು ವರ್ಷ ನೆಲಮಾಳಿಗೆಯಲ್ಲೇ ದುಡಿದವಳು. ಅಮೆರಿಕದ ಉತ್ತರ ಡಕೋಟಾದ ಒಂದು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನೋಡಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಪ್ರೊಫೆಸರುಗಳು ಬಂದರು, ಹೋದರು. ಯಂತ್ರ ಮುನಿಸಿಕೊಂಡಾಗ ಪುಸಲಾಯಿಸುವ ಕೆಲಸ ಮಾತ್ರ ಅವಳ ತಲೆಗೇ ಉಳಿಯಿತು.

ಪಕ್ಕದಲ್ಲೇ ಐಸ್ ಮೇಲೆ ಆಡುವ ಹಾಕಿ ಆಟದ ಮೈದಾನ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಐಸ್ ಗಟ್ಟಿಯಾಗಿಡುವ ಕಂಪ್ರೆಸರ್ ಓಡಿದರೆ ನೆಲ ನಡುಗುತ್ತಿತ್ತು. ಕಾಲಿಗೆ ತಿಳಿಯುವಷ್ಟಲ್ಲ, ಆದರೆ ಲಕ್ಷಪಟ್ಟು ಹಿಗ್ಗಿಸಿ ನೋಡುವವರಿಗೆ ಅದು ಭೂಕಂಪವೇ. ಇಪ್ಪತ್ತು ನಿಮಿಷ ಓಟ, ಹನ್ನೊಂದು ನಿಮಿಷ ಬಿಡುವು. ಆ ಬಿಡುವಿನಲ್ಲೇ ಆರ್ಡಿಸ್ ಗಡಿಬಿಡಿಯಿಂದ ಚಿತ್ರ ತೆಗೆಸುತ್ತಿದ್ದಳು. ಪಾಪ, ವಿದ್ಯಾರ್ಥಿಗಳು ಅದೂ ವಿಜ್ಞಾನದ ಒಂದು ನಿಯಮ ಅಂದುಕೊಂಡಿದ್ದರು.

ಹಳೆಯ ಯಂತ್ರ ಕೊನೆಗೂ ಕೈಕೊಟ್ಟಿತು. ನಾಲ್ಕನೇ ಅರ್ಜಿಗೆ ಹೊಸದು ಮಂಜೂರಾಯಿತು. ಯಂತ್ರ ಕಳಿಸುವ ಮೊದಲು ಕಂಪನಿಯವರು ಬಂದು ಕೋಣೆಯ ನಡುಕ ಅಳೆಯಬೇಕು. ಕೋಣೆ ಫೇಲಾದರೆ ಯಂತ್ರ ಊರಾಚೆಯ ಕೃಷಿ ವಿಭಾಗದ ಬೀಜದ ಉಗ್ರಾಣಕ್ಕೆ ಹೋಗುತ್ತದೆ, ಅದರ ಉಸ್ತುವಾರಿಯೂ ಅವರದೇ ಆಗುತ್ತದೆ. ಡೀನ್ ಪ್ರೂಯಿಟ್ ಅಳತೆಗೆ ಮೇ ತಿಂಗಳು ಗೊತ್ತುಮಾಡಿದ. ಮೇನಲ್ಲಿ ಐಸ್ ಕರಗಿಸಿ, ಕಂಪ್ರೆಸರ್ ಬಂದ್ ಮಾಡಿರುತ್ತಾರೆ.

"ಮೊದ್ಲು ಪಾಸಾಗ್ಲಿ ಆರ್ಡಿಸ್," ಎಂದ ಡೀನ್. "ಹಾಕಿಯವರನ್ನ ಎದುರುಹಾಕ್ಕೊಂಡು ಈ ಊರಲ್ಲಿ ಯಾರಾದ್ರೂ ಬದುಕಿದಾರಾ?"

ಸುಮ್ಮನಿದ್ದರೆ ಯಂತ್ರ ಅವಳದು. ಆದರೆ ಇನ್ನು ಇಪ್ಪತ್ತು ವರ್ಷ ಮಕ್ಕಳು ಅದೇ ಹನ್ನೊಂದು ನಿಮಿಷಕ್ಕೆ ಕಾಯುತ್ತ ಕೂರಬೇಕು. ಎರಡು ದಿನ ಆರ್ಡಿಸ್‌ಗೆ ಊಟ ಸೇರಲಿಲ್ಲ. ಮೂರನೆಯ ದಿನ, ಅಳತೆಗೆ ಒಂದೇ ದಿನ ಉಳಿದಿರುವಾಗ, ರೂಬಾರ್ಬ್ ಎಂಬ ಹುಳಿ ದಂಟು ಹಾಕಿದ ಸಿಹಿತುಂಡುಗಳ ತಟ್ಟೆ ಹಿಡಿದು, ಐಸ್ ಮೈದಾನ ನೋಡಿಕೊಳ್ಳುವ ಹಳೆಯ ಗೆಳೆಯ ಮೈಲೋ ಹ್ರುಸ್ಕಾನ ಹತ್ತಿರ ಹೋದಳು.

"ಮೇ ತಿಂಗಳಲ್ಲಿ ಕಂಪ್ರೆಸರ್ ಹಾಕ್ಬೇಕಾ? ಯಾಕೆ, ಈ ವಯಸ್ಸಲ್ಲಿ ಸ್ಕೇಟಿಂಗ್ ಕಲೀತೀಯಾ?"

"ಅರ್ಧ ಗಂಟೆ ಸಾಕು ಮಾರಾಯ. ನಾಳೆ ಹತ್ತಕ್ಕೆ."

"ಡೀನ್‌ಗೆ ಗೊತ್ತಾ?"

"ಗೊತ್ತಾಗುತ್ತೆ ಬಿಡು."

ಮೈಲೋ ಒಂದು ತುಂಡು ಬಾಯಿಗೆ ಹಾಕಿಕೊಂಡ. "ನನ್ನ ಕೆಲಸ ಹೋದ್ರೆ ದಿನಾ ಇಂಥ ಒಂದು ತಟ್ಟೆ ತಂದ್ಕೊಡ್ಬೇಕು ನೋಡು."

ಮರುದಿನ ಹತ್ತಕ್ಕೆ ಸರಿಯಾಗಿ ಕಂಪನಿಯ ಇಂಜಿನಿಯರ್ ಕೈಯಲ್ಲಿದ್ದ ಪರದೆಯ ಮೇಲೆ ಗೆರೆ ಎಗರಾಡತೊಡಗಿತು.

"ಪಕ್ಕದಲ್ಲಿ ಏನೋ ಓಡ್ತಿದೆ," ಎಂದ ಆತ.

ಡೀನ್ ಮುಖ ಕೆಂಪಾಯಿತು. "ಅದು ಯಾವಾಗ್ಲೂ ಇರಲ್ಲ. ನಿಂತ ಮೇಲೆ ಅಳೀರಿ."

"ವರ್ಷಕ್ಕೆ ಏಳು ತಿಂಗಳು ಇರುತ್ತೆ," ಎಂದಳು ಆರ್ಡಿಸ್. "ಈಗ್ಲೇ ಬರ್ಕೊಳ್ಳಿ."

"ಬರ್ಕೊಂಡ್ರೆ ಕೋಣೆ ಫೇಲು ಮೇಡಂ."

"ಗೊತ್ತು. ಬರ್ಕೊಳ್ಳಿ."

"ನೀವು ಯಾರ ಕಡೆಯವ್ರು?" ಡೀನ್ ರೇಗಿದ.

"ಜನವರಿಲಿ ಆ ಯಂತ್ರದ ಮುಂದೆ ಕೂತ್ಕೊಳ್ಳೋರ ಕಡೆ."

ಯಂತ್ರ ಉಗ್ರಾಣಕ್ಕೆ ಹೋಯಿತು. ಅದನ್ನು ನೋಡಿಕೊಳ್ಳಲು ಡಾಕ್ಟರೇಟ್ ಪಡೆದ ಹೊಸ ಹುಡುಗನೊಬ್ಬ ಬಂದ. ಆರ್ಡಿಸ್‌ಗೆ ಉಳಿದದ್ದು ಗಾಜಿನ ಸಾಮಾನು ತೊಳೆಯುವುದು, ಮಾದರಿ ಒಣಗಿಸುವುದು. ಕ್ಯಾಂಟೀನಿನಲ್ಲಿ ಯಾರಾದರೂ ಹೊಸ ಯಂತ್ರದ ಮಾತೆತ್ತಿದರೆ ಅವಳು ತಲೆ ತಗ್ಗಿಸಿ ಸೂಪು ಕುಡಿಯುತ್ತಿದ್ದಳು. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಇತ್ತು.

ಜನವರಿಯಲ್ಲಿ ಮನಸ್ಸು ತಡೆಯಲಿಲ್ಲ. ಎಲ್ಲರಂತೆ ಹೊಸ ಯಂತ್ರ ಬಳಸುವವರ ಸರದಿ ಪಟ್ಟಿಯಲ್ಲಿ ಹೆಸರು ಬರೆದಳು. ಗುರುವಾರ ಎರಡರಿಂದ ನಾಲ್ಕು ಸಿಕ್ಕಿತು. ಹಿಮದಲ್ಲಿ ಕಾಲೆಳೆಯುತ್ತ ಹೋಗಿ, ಗೋಧಿಗೆ ತಗಲುವ ತುಕ್ಕುರೋಗದ ಒಂದು ಬೀಜಕಣವನ್ನು ಯಂತ್ರದೊಳಗಿಟ್ಟಳು. ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು. ಅದರ ಮೈಮೇಲಿನ ಒಂದೊಂದು ಮುಳ್ಳೂ ಕಂಡಿತು. ಚಿತ್ರ ನಿಂತಲ್ಲೇ ನಿಂತಿತ್ತು. ಆರ್ಡಿಸ್ ಅತ್ತಳು. ಖುಷಿಗೂ ಅತ್ತಳು, ಇದು ತನ್ನದಲ್ಲವಲ್ಲ ಎಂದೂ ಅತ್ತಳು.

ಬಾಗಿಲು ತಟ್ಟಿದ ಸದ್ದಾಯಿತು. ಮೊದಲ ವರ್ಷದ ಹುಡುಗಿಯೊಬ್ಬಳು ಮಾದರಿಯ ಡಬ್ಬಿ ಹಿಡಿದು ಇಣುಕಿದಳು.

"ಮೇಡಂ, ನಾಲ್ಕಾಯ್ತು. ನನ್ನ ಸರದಿ. ನೀವು ಇಲ್ಲಿಗೆ ಹೊಸಬ್ರಾ?"

"ಹೂಂನಮ್ಮ, ಇವತ್ತೇ ಮೊದಲು," ಎಂದು ಆರ್ಡಿಸ್ ಎದ್ದು ಕುರ್ಚಿ ಬಿಟ್ಟುಕೊಟ್ಟಳು.