ಒಪ್ಪತ್ತಿನ ದಿನದ ಗುಳಿಗೆ

ಮೊನ್ನೆ ಸಿಂಧನೂರಿನ ನಮ್ಮ ಓಣಿಯಲ್ಲಿ ಯಾರೋ ಅಗಸಿ ಬೀಜ ಹುರಿಯುತ್ತಿದ್ದರು. ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಕುಟ್ಟುವ ಮುನ್ನ ಏಳುವ ಆ ಎಣ್ಣೆಗಂಪು ಕಿಟಕಿಯಿಂದ ಒಳಗೆ ಬಂತು. ಓದುತ್ತಿದ್ದ ಪತ್ರಿಕೆ ಮಡಚಿಟ್ಟೆ. ಮೊದಲು ನೆನಪಾದದ್ದು ಮಸ್ಕಿಯ ಖಾನಾವಳಿ, ಅದನ್ನು ನಡೆಸುತ್ತಿದ್ದ ದೊಡ್ಡವ್ವ. ಆಮೇಲೆ, ಯಾವಾಗಲೂ ಆಗುವ ಹಾಗೆ, ಆ ಸೋಮವಾರ...

ನಾನಾಗ ಮಸ್ಕಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಮದುವೆಯಾಗಿರಲಿಲ್ಲ, ಎರಡು ಹೊತ್ತಿನ ಊಟವೂ ಬಸ್ ನಿಲ್ದಾಣದ ಹಿಂದಿನ ಆ ಖಾನಾವಳಿಯಲ್ಲೇ. ದೊಡ್ಡವ್ವ ನನ್ನ ಸಂಬಂಧಿಯಲ್ಲ. ಉಣ್ಣಲು ಬರುವವರೆಲ್ಲ ದೊಡ್ಡವ್ವ ಅನ್ನುತ್ತಿದ್ದರು, ನಾನೂ ಅಂದೆ. ಎಪ್ಪತ್ತು ದಾಟಿದ ಜೀವ, ಹಣೆ ತುಂಬ ವಿಭೂತಿ, ಓಣಿಯ ತುದಿಗೆ ಕೇಳುವ ದನಿ. ಅವರ ತಂಗಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದರು, ದೊಡ್ಡವ್ವ ಅಗಸಿ ಹಿಂಡಿಯ ಜೊತೆ ಬಡಿಸುತ್ತಿದ್ದರು. ನಾನು ಎರಡು ರೊಟ್ಟಿಗೇ ಸಾಕೆಂದರೆ, "ಯಾಕೋ ತಮ್ಮ, ಪಾಠ ಹೇಳೇ ಹೊಟ್ಟಿ ತುಂಬೇತೇನು?" ಎಂದು ಮೂರನೆಯದನ್ನು ಹಾಕಿಯೇ ಮುಂದೆ ಹೋಗುತ್ತಿದ್ದರು.

ಆ ವರ್ಷ ಅವರಿಗೆ ಬಿಪಿ ಇದೆಯೆಂದು ಗೊತ್ತಾಗಿತ್ತು. ಬೆಳಿಗ್ಗೆ ಒಂದು ಗುಳಿಗೆ, ರಾತ್ರಿ ಒಂದು. ಎರಡೂ ಊಟವಾದ ಮೇಲೆ. ಉಪ್ಪು ಕಡಿಮೆ ಮಾಡಲು ಡಾಕ್ಟರು ಹೇಳಿದ್ದರಿಂದ ತಮ್ಮ ಪಾಲಿನ ಸಾರನ್ನು ಬೇರೆ ತೆಗೆದಿಟ್ಟುಕೊಂಡು, ಅದಕ್ಕೆ ದವಾಖಾನಿ ಸಾರು ಎಂದು ಹೆಸರಿಟ್ಟಿದ್ದರು. ಗುಳಿಗೆಯನ್ನಂತೂ ಒಂದು ದಿನವೂ ತಪ್ಪಿಸಲಿಲ್ಲ. ಆ ನಿಷ್ಠೆಯೇ ಅವರನ್ನು ಎಲ್ಲಿಗೆ ತಂದು ನಿಲ್ಲಿಸಿತೆಂದರೆ...

ಗುಳಿಗೆ ಶುರುವಾದ ಮೇಲೆ ಬಂದ ಮೊದಲ ಶ್ರಾವಣ ಅದು. ಶ್ರಾವಣ ಸೋಮವಾರ ದೊಡ್ಡವ್ವನದು ಒಪ್ಪತ್ತು. ದಿನಕ್ಕೆ ಒಂದೇ ಊಟ, ಅದೂ ಗಿರಾಕಿಗಳು ಉಂಡು ಹೋದ ಮೇಲೆ. ಅಲ್ಲಿಯವರೆಗೆ ನೀರೂ ಇಲ್ಲ. ಉಂಡು ಕೈ ತೊಳೆದರೆ ಮರುದಿನ ಸ್ನಾನವಾಗುವವರೆಗೆ ಬಾಯಿಗೆ ಮತ್ತೇನೂ ಹಾಕುವಂತಿಲ್ಲ. ಅಂದು ಸಾರಿನ ರುಚಿ ನೋಡದೆ ಕೈ ಅಂದಾಜಿನಲ್ಲಿ ಉಪ್ಪು ಹಾಕಿ, "ಹೆಚ್ಚುಕಡಿಮಿ ಆದ್ರ ಶಿವನ್ನ ಕೇಳ್ರಿ, ನನ್ನ ಕೇಳಬ್ಯಾಡ್ರಿ" ಅನ್ನುತ್ತಿದ್ದರು.

ಆ ಶ್ರಾವಣದ ಮೊದಲ ಸೋಮವಾರ ನಾನು ಹೋಗುವಾಗ ಮಧ್ಯಾಹ್ನ ಇಳಿದಿತ್ತು. ಊಟ ಮುಗಿಸಿದ ನಿವೃತ್ತ ಮಾಸ್ತರೊಬ್ಬರು ಎಂದಿನಂತೆ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು. ದೊಡ್ಡವ್ವ ಆಗಲೇ ಉಂಡು, ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ನನ್ನನ್ನು ಕಂಡವರೇ, "ಈಗ ಬಂದಾನ ನೋಡು ಸಾಹೇಬ" ಎನ್ನುತ್ತ ತಟ್ಟೆ ತರಲು ತಟ್ಟನೆ ಎದ್ದರು. ಎರಡು ಹೆಜ್ಜೆ ಇಟ್ಟಿರಬೇಕು... ಗೋಡೆ ಹಿಡಿದವರು ಹಾಗೆಯೇ ಜಾರಿ ಕೆಳಗೆ ಕುಸಿದರು. ಮುಖದಲ್ಲಿ ರಕ್ತವಿರಲಿಲ್ಲ. ಕೈ ಮುಟ್ಟಿದೆ, ತಣ್ಣಗಿನ ಬೆವರು.

"ಅಯ್ಯೋ, ನಮ್ಮಕ್ಕಗ ಬಿಪಿ ಏರೇತಿ!" ಎಂದು ತಂಗಿ ಹಿಟ್ಟಿನ ಕೈಯಲ್ಲೇ ಓಡಿ ಬಂದರು.

ಮಾಸ್ತರಿಗೂ ಬಿಪಿ ಇತ್ತು. ಅಂಗಿಯ ಕಿಸೆಯಿಂದ ಗುಳಿಗೆ ತೆಗೆದರು. "ಗಾಬರಿ ಆಗಬ್ಯಾಡ್ರಿ. ನಂದು ಭಾರಿ ಪವರಿನ ಗುಳಿಗಿ, ಜಲ್ದಿ ಇಳೀತೈತಿ. ಬಾಯಿ ತೆಗೀರಿ ದೊಡ್ಡವ್ವ." ಬಿಪಿ ಇದ್ದವರು ಬಿದ್ದರೆ ಅದು ಏರಿಯೇ ಬಿದ್ದಿರಬೇಕು ಎಂದು ಅಲ್ಲಿದ್ದ ಎಲ್ಲರೂ ನಂಬಿದ್ದೆವು. ಮಾಸ್ತರು ತುಟಿಗೆ ಗುಳಿಗೆ ಒತ್ತಿದರು. ದೊಡ್ಡವ್ವ ಹಲ್ಲು ಕಚ್ಚಿ ಮುಖ ಹೊರಳಿಸಿದರು.

"ಒಲ್ಲೆ... ನಂದು ಒಪ್ಪತ್ತು. ಉಂಡು ಕೈ ತೊಳದೀನಿ."

"ಜೀವಕ್ಕಿಂತ ಹೆಚ್ಚೇನಬೇ ನಿನ್ನ ಒಪ್ಪತ್ತು?" ತಂಗಿ ಅಳುತ್ತ ಗದರಿದರು.

"ಗುಳಿಗಿ ಆಗ್ಯಾವು ಬಿಡ್ರೇ... ಎರಡೂ ಕೂಡೇ ನುಂಗೀನಿ. ಇವತ್ತ ಊಟ ಒಂದಾ ಅಲ್ಲೇನು?"

ಆ ಮಾತು ನನ್ನ ತಲೆಗೆ ಇಳಿಯಲು ಒಂದು ಕ್ಷಣ ಹಿಡಿಯಿತು. ಗುಳಿಗೆ ಊಟದ ಮೇಲೆ. ಊಟ ಒಂದೇ. ಹಾಗಾದರೆ ಎರಡೂ ಗುಳಿಗೆ ಆ ಒಂದೇ ಊಟದ ಮೇಲೆ! ಮಾಸ್ತರ ಮುಂಗೈ ಹಿಡಿದುಕೊಂಡೆ. ಬಿಪಿ ಏರಿದೆಯೋ ಇಳಿದಿದೆಯೋ ನನಗೆ ತಿಳಿಯದು; ಎರಡು ಆಗಲೇ ಒಳಗೆ ಹೋಗಿವೆ, ಮೂರನೆಯದು ಬೇಡ ಎಂದಷ್ಟೇ ಅನಿಸಿತು. ಆಟೋ ತರಿಸಿ ಹತ್ತಿರದ ದವಾಖಾನೆಗೆ ಕರೆದೊಯ್ದೆವು.

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಮತ್ತೊಮ್ಮೆ ನೋಡಿದರು. "ಏರಿಲ್ಲ. ಪೂರಾ ಇಳದೈತಿ" ಎಂದವರೇ ಕಾಲಿನ ಕೆಳಗೆ ದಿಂಬು ಇಡಿಸಿ ಸಲೈನ್ ಹಚ್ಚಿದರು. ಮಾಸ್ತರು ತಮ್ಮ ಗುಳಿಗೆ ತೋರಿಸಿದರು. ಡಾಕ್ಟರ ಮುಖ ಬದಲಾಯಿತು. "ಇದನ್ನೂ ಹಾಕಿದ್ರೇನು?"

"ಇಲ್ರಿ... ಬಾಯೇ ತೆಗೀಲಿಲ್ಲ."

ಡಾಕ್ಟರು ದೀರ್ಘವಾಗಿ ಉಸಿರು ಬಿಟ್ಟು, "ಹಟ ಮಾಡಿ ಉಳದಿ ನೋಡು ಯವ್ವ" ಅಂದರು. ಮಾಸ್ತರು ಅಲ್ಲಿದ್ದ ಬೆಂಚಿನ ಮೇಲೆ ಕುಳಿತುಬಿಟ್ಟರು.

ಸಂಜೆಯ ಹೊತ್ತಿಗೆ ದೊಡ್ಡವ್ವನ ಮುಖಕ್ಕೆ ಬಣ್ಣ ಬಂತು. ಮೇಲೆ ತೂಗುತ್ತಿದ್ದ ಬಾಟಲಿಯನ್ನು ಅನುಮಾನದಿಂದ ನೋಡಿ, "ಇದರಿಂದ ಒಪ್ಪತ್ತು ಕೆಡ್ತೇನ್ರಿ?" ಎಂದರು.

"ಬಾಯಾಗಿಂದ ಹೋಗೇ ಇಲ್ಲಲ್ಲ, ಹೆಂಗ ಕೆಡ್ತೈತಿ?" ಅಂದರು ಡಾಕ್ಟರು.

ಆಮೇಲೆ ಪಕ್ಕದಲ್ಲೇ ಕುಳಿತು ಬಿಡಿಸಿ ಹೇಳಿದರು. ವಯಸ್ಸಾದವರಿಗೆ ಬಿಪಿ ಏರುವುದು ಎಷ್ಟು ಕೆಟ್ಟದ್ದೋ ಒಮ್ಮೆಲೇ ಇಳಿಯುವುದೂ ಅಷ್ಟೇ ಕೆಟ್ಟದ್ದು. ಕೂತಲ್ಲಿಂದ ತಟ್ಟನೆ ಏಳಬಾರದು, ನೀರು ಬಿಡಬಾರದು, ತಪ್ಪಿದ ಗುಳಿಗೆಯನ್ನು ಮುಂದಿನದರ ಜೊತೆ ಸೇರಿಸಬಾರದು. ಎರಡು ದಿನ ಗುಳಿಗೆ ನಿಲ್ಲಿಸಿ, ಮೂರನೆಯ ದಿನ ನಾವು ಮತ್ತೆ ಹೋದಾಗ ಬಿಪಿ ನೋಡಿ, ಬೆಳಿಗ್ಗೆಗೆ ಒಂದೇ ಗುಳಿಗೆ ಬರೆದುಕೊಟ್ಟರು. "ಇನ್ನ ಮ್ಯಾಲೆ ಗುಳಿಗಿನ ಗಡಿಯಾರಕ್ಕ ಕಟ್ಟೀನಿ, ಊಟಕ್ಕಲ್ಲ. ಒಪ್ಪತ್ತು ಇದ್ರೂ ಮುಂಜಾನಿ ನುಂಗಬೇಕು, ನೀರೂ ಕುಡೀಬೇಕು."

"ಗುಳಿಗಿ ನುಂಗಿದ್ರ ಉಂಡಂಗ ಅಲ್ಲೇನ್ರಿ?"

"ಗುಳಿಗಿಲೇ ಹೊಟ್ಟಿ ತುಂಬಿದ್ರ ನಿನ್ನ ಖಾನಾವಳಿಗೆ ಯಾರ ಬರ್ತಾರಬೇ?"

ದೊಡ್ಡವ್ವ ನಕ್ಕರು. ತಂಗಿ ನಕ್ಕರು. ನನ್ನ ನಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಕೊನೆಗೆ ಹೊರಗೆ ಹೋಗಿ ಕಣ್ಣು ಒರೆಸಿಕೊಂಡೆ.

ಇಷ್ಟು ವರ್ಷಗಳಾದವು. ಮಾಸ್ತರ ಎರಡು ಬೆರಳು, ಅವುಗಳ ನಡುವಿನ ಬಿಳಿ ಗುಳಿಗೆ, ಬಿಗಿದ ಆ ತುಟಿಗಳು ಈಗಲೂ ಕಣ್ಣ ಮುಂದೆ ಬರುತ್ತವೆ. ದೊಡ್ಡವ್ವ ಯಾರಾದರೂ ಹೇಳಿದ ಮಾತು ಕೇಳುವ ಹೆಂಗಸಾಗಿದ್ದರೆ... ಅಲ್ಲಿಂದ ಮುಂದಕ್ಕೆ ಯೋಚಿಸುವುದನ್ನು ಬಿಟ್ಟುಬಿಡುತ್ತೇನೆ.

ಆಮೇಲೂ ಅವರು ಎಷ್ಟೋ ಶ್ರಾವಣ ಕಂಡರು. ನಾನು ಸಿಂಧನೂರಿಗೆ ಬಂದೆ. ಹೋದ ವರ್ಷ ಅವರ ತಂಗಿಯ ಫೋನು ಬಂತು. "ನಮ್ಮಕ್ಕ ಹೋದ್ಲು ತಮ್ಮ." ನನ್ನ ಬಾಯಿಂದ ಮೊದಲು ಬಂದದ್ದು, "ಬಿಪಿ...?"

"ಇಲ್ಲೋ ಯಪ್ಪ. ಆ ವಾರನಾ ತೋರಿಸಿದ್ವಿ, ಬಿಪಿ ಸರಿ ಇತ್ತು. ಮಲಗಿದಾಕಿ ಏಳಲಿಲ್ಲ, ಅಷ್ಟಾ. ವಯಸ್ಸಾಗಿತ್ತಲ್ಲ."

ಫೋನು ಕೆಳಗಿಟ್ಟೆ. ಆ ಮಧ್ಯಾಹ್ನ ಅವರನ್ನು ಒಯ್ಯಲಿಲ್ಲ, ಆ ಗುಳಿಗೆ ಒಯ್ಯಲಿಲ್ಲ. ತಮ್ಮ ಕಾಲ ಮುಗಿಸಿಕೊಂಡು ತಾವಾಗಿ ಹೋದರು. ಮೊದಲು ಬಂದದ್ದು ಸಮಾಧಾನದ ಉಸಿರು. ಅಳು ಬಂದದ್ದು ಆಮೇಲೆ. ಮೊನ್ನೆಯೂ ಬಂತು.